ಇಲ್ಲಿ ಆಮಿಷ, ಅಲ್ಲಿ ಸ್ಕಾಲರ್‌ಶಿಪ್

ನಮ್ಮ ಮಧ್ಯಮ ವರ್ಗಕ್ಕೆ ಮಿಷನರಿ ಅಂದರೆ ಆಗುವುದಿಲ್ಲ. ಊರಾಚೆ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡಿಸುವ ಪಾಸ್ಟರ್ ಅಂದರಂತೂ ಮೈಯೆಲ್ಲ ಉರಿ. ಅದೇ ಪಾಸ್ಟರ್ ಕೋಟು ತೊಟ್ಟು, ಟೈ ಕಟ್ಟಿ, ಬೆಂಗಳೂರಿನ ಪಂಚತಾರಾ ಹೋಟೆಲಿನ ಎಜುಕೇಶನ್ ಫೇರ್‌ನಲ್ಲಿ ಟೇಬಲ್ ಹಾಕಿಕೊಂಡು ಕೂತರೆ ಉರಿ ತಣ್ಣಗಾಗುತ್ತದೆ. ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಅದೇ ಜನ ಸಾಲು ನಿಲ್ಲುತ್ತಾರೆ. ಮುಖದಲ್ಲಿ ಎಂಥ ಭಕ್ತಿ!

2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನೂ ಹಿಂದಿಕ್ಕಿದ್ದೇವೆ. ಹೆಮ್ಮೆಪಡೋಣ. ಆದರೆ ಇವರ ಹೆತ್ತವರಲ್ಲಿ ಯಾರ ಮಗ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿದ್ದಾನೆ ಎಂದು ಕೇಳಿ ನೋಡಿ. ಯಾರೂ ಬಾಯಿ ಬಿಡುವುದಿಲ್ಲ.

"ಮಗ ಯುಎಸ್‌ನಲ್ಲಿ ಎಂಎಸ್ ಮಾಡ್ತಿದಾನೆ." ಅಷ್ಟೇ. ವಿಶ್ವವಿದ್ಯಾಲಯ ಯಾವುದು ಎಂದರೆ ಊರಿನ ಹೆಸರು ಬರುತ್ತದೆ. ಯಾವ ಊರು ಎಂದರೆ ರಾಜ್ಯದ ಹೆಸರು ಬರುತ್ತದೆ. ಇನ್ನೂ ಕೆದಕಿದರೆ, "ಪ್ರೈವೇಟ್ ಯೂನಿವರ್ಸಿಟಿ ಸಾರ್, ತುಂಬಾ ಡಿಸಿಪ್ಲಿನ್."

ಡಿಸಿಪ್ಲಿನ್ ಇದೆ, ನಿಜ. ಅದಕ್ಕೆ ಆಮೇಲೆ ಬರೋಣ. ಮೊದಲು ಕಾನೂನು.

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022. ಹೆಸರಲ್ಲಿ ಸ್ವಾತಂತ್ರ್ಯವೂ ಇದೆ, ಹಕ್ಕೂ ಇದೆ, ಸಂರಕ್ಷಣೆಯೂ ಇದೆ. ಒಳಗೆ ಇರುವುದು ಬಲವಂತ, ಆಮಿಷಗಳ ಮತಾಂತರಕ್ಕೆ ಜೈಲು. ಮೂರರಿಂದ ಐದು ವರ್ಷ, 25,000 ರೂಪಾಯಿ ದಂಡ. ಮತಾಂತರಗೊಂಡವರು ಮಹಿಳೆಯೋ ದಲಿತರೋ ಅಪ್ರಾಪ್ತರೋ ಆದರೆ ಹತ್ತು ವರ್ಷದವರೆಗೆ. ಮಹಿಳೆಗೂ ದಲಿತರಿಗೂ ಸ್ವಂತ ಬುದ್ಧಿ ಇರುವುದಿಲ್ಲ ಎನ್ನುವುದು ಕಾನೂನಿಗೇ ಗೊತ್ತು.

ಈ ಕಾಯ್ದೆಯಲ್ಲಿ ಆಮಿಷ ಎಂದರೆ ಏನು ಎನ್ನುವುದಕ್ಕೆ ಒಂದು ಪಟ್ಟಿ ಇದೆ. ಹಣ, ಉಡುಗೊರೆ ಇವೆಲ್ಲ ಸರಿ. ಉದ್ಯೋಗವೂ ಆಮಿಷ. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ, ಕಾಲೇಜಿನಲ್ಲಿ ಉಚಿತ ಶಿಕ್ಷಣವೂ ಆಮಿಷ. ಉತ್ತಮ ಜೀವನಶೈಲಿಯ ಭರವಸೆಯೂ ಆಮಿಷ.

ಇನ್ನೊಂದು ಸಲ ಓದಿ. ಉದ್ಯೋಗ. ಧಾರ್ಮಿಕ ಸಂಸ್ಥೆಯ ಕಾಲೇಜಿನಲ್ಲಿ ಉಚಿತ ಶಿಕ್ಷಣ. ಉತ್ತಮ ಜೀವನಶೈಲಿ. ಅಮೆರಿಕದ ಕ್ರೈಸ್ತ ವಿಶ್ವವಿದ್ಯಾಲಯದ ಕರಪತ್ರದಲ್ಲಿ ಇದಲ್ಲದೆ ಬೇರೇನಾದರೂ ಇರುತ್ತದೆಯೇ?

ಶೆಡ್ಡಿನ ಪಾಸ್ಟರ್ ಕೂಲಿಯವನ ಮಗಳಿಗೆ ಪುಸ್ತಕ, ಚೀಲ, ಮಧ್ಯಾಹ್ನದ ಊಟ ಕೊಟ್ಟರೆ ಆಮಿಷ. ಎಫ್‌ಐಆರ್. ಟಿವಿ ಕ್ಯಾಮೆರಾ. ಕೋಟಿನ ಪಾಸ್ಟರ್ ಇಂಜಿನಿಯರ್ ಮಗನಿಗೆ ಟ್ಯೂಷನ್ ಫೀಸಿನಲ್ಲಿ ಅರ್ಧ ಮಾಫಿ ಮಾಡಿದರೆ ಸ್ಕಾಲರ್‌ಶಿಪ್. ಫೇಸ್‌ಬುಕ್ ಪೋಸ್ಟ್. ಸಮುದಾಯದ ಸಂಘದಿಂದ ಶಾಲು, ಹಾರ, ಪ್ರತಿಭಾ ಪುರಸ್ಕಾರ.

2023ರ ಜೂನ್‌ನಲ್ಲಿ ರಾಜ್ಯದ ಆಗಿನ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವುದಾಗಿ ತೀರ್ಮಾನಿಸಿತು. ಆಗ ಎಲ್ಲರಿಗಿಂತ ಗಟ್ಟಿಯಾಗಿ ಬಾಯಿ ಬಡಿದುಕೊಂಡವರ ಪೈಕಿ ಕೆಲವರ ಮಕ್ಕಳು ಆ ಹೊತ್ತಿಗೆ ಟೆಕ್ಸಾಸಿನ ಕಾಲೇಜೊಂದರ ಚಾಪೆಲ್‌ನಲ್ಲಿ ಹಾಜರಿ ಕಾರ್ಡ್ ಉಜ್ಜುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಫೇರ್‌ನ ವಿಷಯ ಹೇಳಿದೆನಲ್ಲ. ಒಮ್ಮೆ ಹೋಗಿ ಬನ್ನಿ, ಟಿಕೆಟ್ ಇಲ್ಲದ ನಾಟಕ. ನಾನು ನೋಡಿದ ಒಂದು ಟೇಬಲ್ಲಿನ ಹಿಂದೆ ಬಿಳಿ ಹಲ್ಲಿನ ಅಮೆರಿಕನ್, ಪಕ್ಕದಲ್ಲಿ ನಮ್ಮ ಕನ್ಸಲ್ಟೆನ್ಸಿ ಹುಡುಗ. ಮುಂದೆ ಅಪ್ಪ, ಅಮ್ಮ, ಮಗ. ಅಪ್ಪನ ಹಣೆಯಲ್ಲಿ ಬೆಳಗಿನ ಪೂಜೆಯ ಕುಂಕುಮ ಇನ್ನೂ ಮಾಸಿಲ್ಲ.

"ಹುಡುಗೀರ ಹಾಸ್ಟೆಲ್‌ಗೆ ಹುಡುಗ್ರು ಹೋಗ್ತಾರೇನಪ್ಪಾ?"

"ಚಾನ್ಸೇ ಇಲ್ಲ ಅಂಕಲ್. ಟೈಮಿಂಗ್ಸ್ ಇದೆ."

"ಕುಡಿಯೋದು?"

"ಬ್ಯಾನ್."

"ಸಿಗರೇಟು?"

"ಅದೂ ಬ್ಯಾನ್ ಅಂಕಲ್."

ಅಪ್ಪ ಹೆಂಡತಿಯ ಕಡೆ ತಿರುಗಿದರು. "ನೋಡಿದ್ಯೇನೇ? ನಮ್ ಮಠದ ಹಾಸ್ಟೆಲ್ ಇದ್ದ ಹಾಗೇ ಇದೆ."

ಅಮ್ಮನಿಗೆ ಬೇರೆ ಚಿಂತೆ. "ವಾರಕ್ಕೆರಡು ದಿನ ಚರ್ಚಿಗೆ ಹೋಗ್ಲೇಬೇಕು ಅಂತಿದೆಯಲ್ರೀ ಇಲ್ಲಿ?"

"ಅದು ಚರ್ಚಲ್ಲ ಆಂಟಿ, ಚಾಪೆಲ್."

"ಏನು ವ್ಯತ್ಯಾಸ?"

"ಚಾಪೆಲ್‌ನಲ್ಲಿ ಅಟೆಂಡೆನ್ಸ್ ತಗೋತಾರೆ."

ಅಮ್ಮನಿಗೆ ಸಮಾಧಾನವಾಯಿತು. ಅಟೆಂಡೆನ್ಸ್ ಇದ್ದ ಮೇಲೆ ಅದು ಶಿಕ್ಷಣವೇ. ಎದ್ದು ಹೊರಡುವಾಗ ಅಮೆರಿಕನ್ ಒಂದು ಬಿಟ್ಟಿ ಬಟ್ಟೆ ಚೀಲ ಕೊಟ್ಟ. ಮೇಲೆ ಲಾಂಛನ, ಲಾಂಛನದ ನಡುವೆ ಶಿಲುಬೆ. ಅಮ್ಮ ದೇವಸ್ಥಾನದ ಪ್ರಸಾದದ ಪೊಟ್ಟಣವನ್ನು ವ್ಯಾನಿಟಿ ಬ್ಯಾಗಿನಿಂದ ತೆಗೆದು ಅದರೊಳಗೆ ಇಟ್ಟುಕೊಂಡರು. ಜಾಗ ಜಾಸ್ತಿ ಇತ್ತಲ್ಲ.

ಮಗನನ್ನು ಯಾರೂ ಏನೂ ಕೇಳಲಿಲ್ಲ. ಅವನು ಪಕ್ಕದ ಟೇಬಲ್ಲಿನಲ್ಲಿ ಪೆನ್ನು ಆರಿಸುತ್ತಿದ್ದ.

ಈಗ ಡಿಸಿಪ್ಲಿನ್‌ಗೆ ಬರೋಣ.

ಯೂಟಾ ರಾಜ್ಯದ ಪ್ರೊವೊದಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದೆ. 1875ರಲ್ಲಿ ಶುರುವಾದದ್ದು. ಮಾರ್ಮನ್ ಎಂಬ ಪಂಥದ ಚರ್ಚಿನ ಒಡೆತನದ್ದು. ಪಾಠ ಚೆನ್ನಾಗಿಲ್ಲ ಎಂದು ನಾನು ಹೇಳುವುದಿಲ್ಲ. ಅಲ್ಲಿಂದ ಹೊರಬಂದ ಅಕೌಂಟೆಂಟುಗಳಿಗೆ ಅಮೆರಿಕದಲ್ಲಿ ಒಳ್ಳೆಯ ಹೆಸರಿದೆ. ನಾನು ಹೇಳುವುದು ಕಾಫಿಯ ಬಗ್ಗೆ.

ಅಲ್ಲಿ ಕಾಫಿ ನಿಷೇಧ. ಚಹಾ ನಿಷೇಧ. ಕ್ಯಾಂಪಸ್ಸಿನ ಒಳಗೂ ಕುಡಿಯಬಾರದು, ಹೊರಗೂ ಕುಡಿಯಬಾರದು. ನೀವು ಮಾರ್ಮನ್ ಅಲ್ಲದಿದ್ದರೂ ಕುಡಿಯಬಾರದು. ಆನರ್ ಕೋಡ್ ಎಂಬ ನಿಯಮಾವಳಿಗೆ ಸಹಿ ಮಾಡಿಯೇ ಒಳಗೆ ಹೋಗಬೇಕು. ಬಿಸಿ ಪಾನೀಯ ಬೇಡ ಎಂದು 1833ರಲ್ಲಿ ಅವರ ಪ್ರವಾದಿಗೆ ದೇವರ ಅಪ್ಪಣೆಯಾಯಿತಂತೆ. ಬಿಸಿ ಚಾಕೊಲೇಟ್ ಕುಡಿಯಬಹುದು, ಅದು ಬಿಸಿ ಅಲ್ಲ. ಐಸ್ ಹಾಕಿದ ಕಾಫಿ ಕುಡಿಯುವ ಹಾಗಿಲ್ಲ, ಅದು ಬಿಸಿ. ಕೆಫೀನ್ ಇರುವ ಕೋಲಾವನ್ನು ಕ್ಯಾಂಪಸ್ಸಿನಲ್ಲಿ ಮಾರಲು ಶುರು ಮಾಡಿದ್ದು 2017ರಲ್ಲಿ. ಅಲ್ಲಿಯವರೆಗೆ ಯಾಕೆ ಮಾರುತ್ತಿರಲಿಲ್ಲ ಎಂದರೆ ಬೇಡಿಕೆ ಇರಲಿಲ್ಲವಂತೆ. ಹತ್ತಾರು ಸಾವಿರ ಹುಡುಗರಿರುವ ಜಾಗದಲ್ಲಿ ಕೋಲಾಕ್ಕೆ ಬೇಡಿಕೆ ಇರಲಿಲ್ಲ!

ಚಿಕ್ಕಮಗಳೂರಿನ ಕಾಫಿ ಪುಡಿ, ಇಷ್ಟೇ ಚಿಕೋರಿ, ಹಿತ್ತಾಳೆ ಫಿಲ್ಟರ್, ಹಸುವಿನ ಹಾಲು. ಇಲ್ಲದಿದ್ದರೆ ಬೆಳಗಾಗುವುದಿಲ್ಲ ಎನ್ನುವ ಮನೆಯ ಹುಡುಗ ಹೋಗಿ ಆ ಕಾಗದಕ್ಕೆ ಸಹಿ ಮಾಡುತ್ತಾನೆ. ಅಪ್ಪ ಪೆನ್ನು ಕೊಡುತ್ತಾರೆ. ನಮ್ಮ ಸಂಸ್ಕೃತಿ ಎಂದರೆ ಫಿಲ್ಟರ್ ಕಾಫಿ ಎಂದು ಭಾಷಣ ಮಾಡುವ ಅಪ್ಪ. ಆ ಕಾಫಿಯನ್ನೂ ಬಾಬಾ ಬುಡನ್ ಎಂಬ ಸೂಫಿ ಮೆಕ್ಕಾ ಯಾತ್ರೆಯಿಂದ ಬರುವಾಗ ತಂದರು ಎನ್ನುತ್ತದೆ ಐತಿಹ್ಯ. ಇರಲಿ, ಈ ಹೊತ್ತಿನಲ್ಲಿ ಅದನ್ನು ಜ್ಞಾಪಿಸುವುದೂ ಅಪಾಯ.

ಗಡ್ಡವನ್ನೂ ಬಿಡುವ ಹಾಗಿಲ್ಲ. ಬಿಡಬೇಕಾದರೆ ಅನುಮತಿ ಬೇಕು: ಚರ್ಮದ ಕಾಯಿಲೆ, ಧಾರ್ಮಿಕ ಕಾರಣ, ಇಲ್ಲವೇ ನಾಟಕದಲ್ಲಿ ಪಾತ್ರ. ಯಾರ ಹೆಸರಿನಲ್ಲಿ ವಿಶ್ವವಿದ್ಯಾಲಯ ಇದೆಯೋ ಆ ಬ್ರಿಗಮ್ ಯಂಗ್ ಅವರ ಕೊನೆಗಾಲದ ಫೋಟೊ ನೋಡಿ. ಮುಖದಲ್ಲಿ ಗಡ್ಡ. ಅವರು ಇವತ್ತು ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಫೀಸಿನ ಕಥೆ ಇನ್ನೂ ಚೆಂದ. ಮಾರ್ಮನ್ನರಿಗೆ ಒಂದು ಫೀಸು, ಉಳಿದವರಿಗೆ ಅದರ ಎರಡರಷ್ಟು. ಮುಚ್ಚುಮರೆ ಇಲ್ಲ, ಬಹಿರಂಗವಾಗಿ. ಸದಸ್ಯರು ಆದಾಯದ ಹತ್ತನೇ ಒಂದು ಭಾಗವನ್ನು ಚರ್ಚಿಗೆ ಕೊಡುತ್ತಾರೆ, ಆದ್ದರಿಂದ ರಿಯಾಯಿತಿ ಎಂಬುದು ಅವರ ತರ್ಕ. ಒಪ್ಪೋಣ. ಆದರೆ ಇದೇ ತರ್ಕವನ್ನು ಮೈಸೂರಿನಲ್ಲೋ ಮಂಗಳೂರಿನಲ್ಲೋ ಒಂದು ಚರ್ಚ್ ಕಾಲೇಜು ಹೇಳಲಿ ನೋಡೋಣ. ನಮ್ಮವರಿಗೆ ಅರ್ಧ, ಹಿಂದೂಗಳಿಗೆ ಪೂರ್ತಿ ಎಂದು ಬೋರ್ಡು ಹಾಕಲಿ. ಮಧ್ಯಾಹ್ನದೊಳಗೆ ಗೇಟಿನ ಮುಂದೆ ಟೈರು ಉರಿಯುತ್ತದೆ. ಪ್ರೊವೊದಲ್ಲಿ ಮಾತ್ರ "ಎರಡರಷ್ಟು ಆದ್ರೂ ಬೇರೆ ಕಡೆಗಿಂತ ಚೀಪ್ ಸಾರ್."

ಎಲ್ಲಕ್ಕಿಂತ ಮಜಾ ಇರುವುದು ಬಾಗಿಲಲ್ಲಿ. ಹಿಂದೂ ಹುಡುಗ ಹಿಂದೂವಾಗಿಯೇ ಅಲ್ಲಿ ಓದಬಹುದು. ಧರ್ಮಗುರುವಿನ ಅನುಮೋದನೆಯೊಂದಿದ್ದರೆ ಸಾಕು. ಮಾರ್ಮನ್ ಹುಡುಗ ಓದುವ ನಡುವೆ ತನ್ನ ಚರ್ಚನ್ನು ಬಿಟ್ಟು ಹಿಂದೂ ಆಗುತ್ತೇನೆ ಎಂದರೆ? ಅನುಮೋದನೆ ರದ್ದು. ಡಿಗ್ರಿ ಅರ್ಧಕ್ಕೆ ನಿಂತಿತು. ಹೊರಗೆ.

ನಮ್ಮ ಕಾಯ್ದೆಯೂ ಇದನ್ನೇ ಅಲ್ಲವೇ ಹೇಳುವುದು? ಧರ್ಮ ಬಿಡುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಆಕ್ಷೇಪಣೆ ಕರೆಯಬೇಕು. ವಿಚಾರಣೆ ಆಗಬೇಕು. ಬಿಟ್ಟುಹೋದ ಮನೆಗೇ ವಾಪಸು ಬರುತ್ತೇನೆ ಎಂದರೆ ಮಾತ್ರ ಅದು ಮತಾಂತರವೇ ಅಲ್ಲ. ಪ್ರೊವೊದ ಬಿಷಪ್ಪನಿಗೂ ಬೆಂಗಳೂರಿನ ಶಾಸಕನಿಗೂ ಪರಿಚಯವಿಲ್ಲ. ಆದರೂ ಇಬ್ಬರೂ ಒಂದೇ ಬೀಗ ತಯಾರಿಸಿದ್ದಾರೆ.

ಸೆಕ್ಯುಲರ್ ಬಂಧುಗಳು ನಗುವುದು ಬೇಡ. ನಿಮ್ಮ ಮಕ್ಕಳೂ ಅದೇ ಸಾಲಿನಲ್ಲಿದ್ದಾರೆ. ಬೆಂಗಳೂರಿನಲ್ಲಿ ಕಾಮನಬಿಲ್ಲಿನ ಬಾವುಟ ಹಿಡಿದು ಮೆರವಣಿಗೆ ಹೋದ ಅಪ್ಪ ಅಮ್ಮಂದಿರೇ, ಸಲಿಂಗ ಪ್ರೇಮದ ವರ್ತನೆಗೆ ಜಾಗವಿಲ್ಲ ಎಂಬ ನಿಯಮಕ್ಕೆ ಮಗಳು ಸಹಿ ಹಾಕುವಾಗ ಆ ಬಾವುಟವನ್ನು ಯಾವ ಬೀರುವಿನಲ್ಲಿ ಇಟ್ಟಿರಿ?

2022ರಲ್ಲಿ ಉಡುಪಿಯಿಂದ ಹಿಜಾಬ್ ಗಲಾಟೆ ಶುರುವಾಯಿತು. "ಕಾಲೇಜಿಗೆ ಬರೋದು ಓದೋಕೆ, ಧರ್ಮಾನ ಮನೇಲಿಟ್ಟು ಬನ್ನಿ" ಎಂದು ಉಪದೇಶ ಮಾಡದವರು ಯಾರು? ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಮೂರು ಸಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಶಾಲೆ, ಬೈಬಲ್ ತರುವುದಕ್ಕೆ ಆಕ್ಷೇಪ ಮಾಡುವುದಿಲ್ಲ ಎಂದು ಪೋಷಕರಿಂದ ಬರೆಸಿಕೊಂಡಿದೆ ಎಂಬ ಸುದ್ದಿ ಬಂತು. ರಾಜ್ಯ ಅಲ್ಲಾಡಿತು. ಶಿಕ್ಷಣ ಇಲಾಖೆಯ ನೋಟಿಸು ಹೋಯಿತು.

ಈಗ ಲೆಕ್ಕ ಹಾಕಿ. ಬ್ರಿಗಮ್ ಯಂಗ್‌ನಲ್ಲಿ ಪದವಿ ಬೇಕಾದರೆ ಧರ್ಮದ ಪಾಠದಲ್ಲೇ 14 ಕ್ರೆಡಿಟ್ ಗಳಿಸಬೇಕು. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದಲ್ಲಿ ಪದವಿಗೆ ಚಾಪೆಲ್ ಹಾಜರಿಯೂ ಬೇಕು. ಅಲ್ಲಿ ಧರ್ಮವನ್ನು ಮನೆಯಲ್ಲಿಟ್ಟು ಬಂದರೆ ಡಿಗ್ರಿ ಸಿಗುವುದಿಲ್ಲ. ಇದಕ್ಕೆ ನೋಟಿಸು ಕೊಡುವವರು ಯಾರೂ ಇಲ್ಲ. ಎಜುಕೇಶನ್ ಲೋನ್ ಕೊಡುವ ಬ್ಯಾಂಕುಗಳಿವೆ.

ಸಿಕ್ಕಿಬಿದ್ದವರಿಗೆ ಒಂದು ಸಿದ್ಧ ಉತ್ತರ ಇರುತ್ತದೆ. "ದೇವನೊಬ್ಬ, ನಾಮ ಹಲವು. ಎಲ್ಲ ದೇವರೂ ಒಂದೇ ಅಲ್ವಾ ಸಾರ್?"

ಬಹಳ ಒಳ್ಳೆಯ ಮಾತು. ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನಲ್ಲಿ ಮಾತ್ರ ಹೇಳಬೇಡಿ. ಅಲ್ಲಿ ಲರೀಶಿಯಾ ಹಾಕಿನ್ಸ್ ಎಂಬ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಇದ್ದರು. ಕ್ರೈಸ್ತರೇ. 2015ರ ಡಿಸೆಂಬರ್‌ನಲ್ಲಿ ಮುಸ್ಲಿಮರಿಗೆ ಬೆಂಬಲವಾಗಿ ಹಿಜಾಬ್ ತೊಟ್ಟು, ಅವರೂ ನಾವೂ ಪೂಜಿಸುವುದು ಒಬ್ಬನೇ ದೇವರನ್ನು ಎಂದು ಬರೆದರು. ಕಾಲೇಜು ಅವರನ್ನು ರಜೆಯ ಮೇಲೆ ಕಳುಹಿಸಿತು. ಎರಡು ತಿಂಗಳಲ್ಲಿ ಅವರು ಹೊರಗಿದ್ದರು. ಅಬ್ರಹಾಮನ ಇಬ್ಬರು ಮಕ್ಕಳ ದೇವರೇ ಒಂದಲ್ಲ ಎನ್ನುವ ಜಾಗ ಅದು. ನಮ್ಮ ಮೂವತ್ತಮೂರು ಕೋಟಿಯನ್ನು ಎಲ್ಲಿ ಕೂರಿಸುತ್ತಾರೆ?

ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ನಮ್ಮವರಿಗೆಂದೇ ಹೇಳಿ ಮಾಡಿಸಿದ್ದು. 1927ರಲ್ಲಿ ಹುಟ್ಟಿತು. ಕಪ್ಪು ವಿದ್ಯಾರ್ಥಿಗಳನ್ನು 1971ರವರೆಗೆ ಒಳಗೇ ಬಿಡಲಿಲ್ಲ. ಬಿಟ್ಟ ಮೇಲೂ ಮದುವೆಯಾದವರನ್ನು ಮಾತ್ರ ಬಿಟ್ಟಿತು, ಮದುವೆಯಾಗದವರು 1975ರವರೆಗೆ ಕಾಯಬೇಕಾಯಿತು. ಬೇರೆ ಬಣ್ಣದವರ ಜೊತೆ ಪ್ರೀತಿ ಪ್ರೇಮ ನಿಷೇಧ, ಮಾಡಿದರೆ ಡಿಬಾರ್. ಇಂಥ ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡುವುದಿಲ್ಲ ಎಂದು ಸರ್ಕಾರ ಹೇಳಿದಾಗ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1983ರಲ್ಲಿ ಸೋತಿತು. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ವಿನಾಯಿತಿ ಹೋದರೂ ಪರವಾಗಿಲ್ಲ, ನಿಯಮ ಇರಲಿ ಎಂದು ಇನ್ನೂ ಹದಿನೇಳು ವರ್ಷ ಹಿಡಿದುಕೊಂಡು ಕೂತಿತು. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾರ್ಜ್ ಡಬ್ಲ್ಯು. ಬುಷ್ ಅಲ್ಲಿಗೆ ಭಾಷಣಕ್ಕೆ ಹೋಗಿ ಗದ್ದಲವಾದ ಮೇಲೆ, 2000ದ ಮಾರ್ಚ್‌ನಲ್ಲಿ ಕೈಬಿಟ್ಟಿತು.

ಈ ನಿಯಮ ಬಂದದ್ದು ಹೇಗೆ ಗೊತ್ತೇ? ವಿಶ್ವವಿದ್ಯಾಲಯದ ವಕ್ತಾರರೇ ಹೇಳಿದ ಪ್ರಕಾರ, 1950ರ ದಶಕದಲ್ಲಿ ಒಂದು ಏಷ್ಯನ್ ಕುಟುಂಬ ಜಗಳಕ್ಕೆ ಬಂತು. ಅವರ ಮಗ ಬಿಳಿ ಹುಡುಗಿಯನ್ನು ಇನ್ನೇನು ಮದುವೆಯಾಗಿಬಿಡುತ್ತಿದ್ದ. ಕುಲ ಕೆಡುವುದನ್ನು ಸುಮ್ಮನೆ ನೋಡುತ್ತಾ ಕೂತಿರಾ ಎಂದು ತಕರಾರು. ವಿಶ್ವವಿದ್ಯಾಲಯ ತಕ್ಷಣ ನಿಯಮ ಮಾಡಿತು.

ಯಾವ ದೇಶದ ಕುಟುಂಬವೋ ನನಗೆ ಬೇಡ. ಮ್ಯಾಟ್ರಿಮೊನಿ ಸೈಟಿನಲ್ಲಿ ಉಪಜಾತಿ, ಗೋತ್ರ, ಮೈಬಣ್ಣ ಎಂದು ಕಾಲಂ ತುಂಬುವ ನಮ್ಮ ಅಪ್ಪ ಅಮ್ಮಂದಿರ ಅರ್ಜಿಯನ್ನು ಯಾರೋ ಮುಂಚೆಯೇ ಕೊಟ್ಟಿದ್ದರು ಅನ್ನಿಸಿತು, ಅಷ್ಟೇ.

ಇನ್ನು ನೈತಿಕತೆ. ಕನ್ಸಲ್ಟೆನ್ಸಿಯವರು ಮೌಲ್ಯಾಧಾರಿತ ಶಿಕ್ಷಣ ಎನ್ನುತ್ತಾರೆ. ಅಪ್ಪಂದಿರು ಕರಗುವುದು ಇಲ್ಲಿಯೇ.

ಬೇಲರ್ ಸ್ಥಾಪನೆಯಾದದ್ದು 1845ರಲ್ಲಿ. ಕ್ಯಾಂಪಸ್ಸಿನಲ್ಲಿ ನೃತ್ಯ ಮಾಡಲು ಅನುಮತಿ ಸಿಕ್ಕಿದ್ದು 1996ರಲ್ಲಿ. ನೂರೈವತ್ತು ವರ್ಷ ಯಾರೂ ಸೊಂಟ ಅಲ್ಲಾಡಿಸದ ಹಾಗೆ ನೋಡಿಕೊಂಡರು. ಆದರೆ ಅಲ್ಲಿಯ ಫುಟ್‌ಬಾಲ್ ಆಟಗಾರರ ಮೇಲೆ ಬಂದ ಅತ್ಯಾಚಾರದ ದೂರುಗಳು ಮಾತ್ರ ಆಡಳಿತಕ್ಕೆ ಸರಿಯಾಗಿ ಕೇಳಿಸಲಿಲ್ಲ. 2016ರಲ್ಲಿ ಹಗರಣ ಸ್ಫೋಟವಾದಾಗ ಅಧ್ಯಕ್ಷ ಸ್ಥಾನ ಕಳೆದುಕೊಂಡವರು ಕೆನೆತ್ ಸ್ಟಾರ್. ಅದೇ ಕೆನೆತ್ ಸ್ಟಾರ್. ಬಿಲ್ ಕ್ಲಿಂಟನ್ ಮತ್ತು ಮೋನಿಕಾ ಲೆವಿನ್‌ಸ್ಕಿಯ ಖಾಸಗಿ ವಿಷಯವನ್ನು ಭೂತಗನ್ನಡಿ ಹಿಡಿದು ನೋಡಿ, ದೇಶಕ್ಕೆಲ್ಲ ವರದಿ ಒಪ್ಪಿಸಿದ ಮಹಾನುಭಾವರು. ಶ್ವೇತಭವನದ ಕಲೆ ಅಷ್ಟು ದೂರದಿಂದ ಕಂಡಿತು. ತಮ್ಮದೇ ಅಂಗಳದ್ದು ಕಾಣಲಿಲ್ಲ.

ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯ. ಹೆಸರೇ ಸ್ವಾತಂತ್ರ್ಯ. ಜೆರ್ರಿ ಫಾಲ್ವೆಲ್ ಎಂಬ ಟಿವಿ ಬೋಧಕರು 1971ರಲ್ಲಿ ಕಟ್ಟಿದರು. 2009ರಲ್ಲಿ ಡೆಮಾಕ್ರಟಿಕ್ ಪಕ್ಷದ ವಿದ್ಯಾರ್ಥಿ ಸಂಘದ ಮಾನ್ಯತೆ ರದ್ದು ಮಾಡಿ ಸಂಸ್ಥೆ ಸ್ವಾತಂತ್ರ್ಯ ಮೆರೆಯಿತು. 2015ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷದ ಟೆಡ್ ಕ್ರೂಜ್ ತಾನು ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೇನೆ ಎಂದು ಘೋಷಿಸಿದ್ದು ಅಲ್ಲಿಯ ಸಭೆಯಲ್ಲೇ. ಸಭಾಂಗಣ ಕಿಕ್ಕಿರಿದಿತ್ತು. ಯಾಕೆ ಕಿಕ್ಕಿರಿಯದು? ಅದು ಕಡ್ಡಾಯ ಸಭೆ. ಬಾರದಿದ್ದರೆ 10 ಡಾಲರ್ ದಂಡ. ನಮ್ಮ ರಾಜಕಾರಣಿಗಳು ಜನ ಸೇರಿಸಲು ಬಸ್ಸು ಕೊಡುತ್ತಾರೆ, ಬಿರಿಯಾನಿ ಕೊಡುತ್ತಾರೆ, ಐನೂರು ರೂಪಾಯಿ ಕೈಗಿಡುತ್ತಾರೆ. ಅಲ್ಲಿ ಕೇಳುಗರೇ ಫೀಸು ಕಟ್ಟಿ ಬಂದಿರುತ್ತಾರೆ, ಬಾರದಿದ್ದರೆ ಮೇಲಿಂದ ಜುಲ್ಮಾನೆ. ವಿದೇಶ ಪ್ರವಾಸ ಮಾಡುವ ನಮ್ಮ ಶಾಸಕರು ಅಧ್ಯಯನ ಮಾಡಬೇಕಾದದ್ದು ಇದನ್ನು.

ಹುಡುಗರು ಕುಡಿಯಬಾರದು, ಮದುವೆಗೆ ಮುಂಚೆ ಮೈ ಮುಟ್ಟಬಾರದು ಎಂದು ನಿಯಮ ಬರೆದ ಅದೇ ಸಂಸ್ಥೆಯ ಅಧ್ಯಕ್ಷ, ಸ್ಥಾಪಕರ ಮಗ, 2020ರ ಆಗಸ್ಟ್‌ನಲ್ಲಿ ವಿಹಾರ ನೌಕೆಯಲ್ಲಿ ಪ್ಯಾಂಟಿನ ಜಿಪ್ ಬಿಚ್ಚಿಕೊಂಡು, ಕೈಯಲ್ಲಿ ಗ್ಲಾಸ್ ಹಿಡಿದು, ಪಕ್ಕದಲ್ಲಿ ಒಬ್ಬಾಕೆಯನ್ನು ನಿಲ್ಲಿಸಿಕೊಂಡು ತೆಗೆಸಿಕೊಂಡ ಫೋಟೊವನ್ನು ತಾವೇ ಜಗತ್ತಿಗೆ ತೋರಿಸಿದರು. ಆ ತಿಂಗಳೇ ರಾಜೀನಾಮೆ. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳನ್ನು ಸರಿಯಾಗಿ ವರದಿ ಮಾಡದೆ, ಸಂತ್ರಸ್ತರ ಜೊತೆ ಕೆಟ್ಟದಾಗಿ ನಡೆದುಕೊಂಡದ್ದಕ್ಕೆ 2024ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಈ ವಿಶ್ವವಿದ್ಯಾಲಯಕ್ಕೆ 1.4 ಕೋಟಿ ಡಾಲರ್ ದಂಡ ಹಾಕಿತು. ಕ್ಯಾಂಪಸ್ ಅಪರಾಧಗಳ ವರದಿ ಕೇಳುವ ಕಾನೂನಿನ ಅಡಿ ಅಲ್ಲಿಯವರೆಗೆ ಯಾರಿಗೂ ಅಷ್ಟು ದೊಡ್ಡ ದಂಡ ಬಿದ್ದಿರಲಿಲ್ಲ. ಹುಡುಗ ಸಭೆಗೆ ಚಕ್ಕರ್ ಹೊಡೆದರೆ 10 ಡಾಲರ್, ಆಡಳಿತ ಸತ್ಯಕ್ಕೆ ಚಕ್ಕರ್ ಹೊಡೆದರೆ 1.4 ಕೋಟಿ.

ಓಕ್ಲಹೋಮಾದ ಟಲ್ಸಾದಲ್ಲಿ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯ ಇದೆ. ಆವರಣದಲ್ಲಿ ಅರವತ್ತು ಅಡಿ ಎತ್ತರದ ಕಂಚಿನ ಕೈಗಳು, ಮುಗಿದ ಭಂಗಿಯಲ್ಲಿ. ಸ್ಥಾಪಕರಾದ ಓರಲ್ ರಾಬರ್ಟ್ಸ್ 1987ರಲ್ಲಿ ಟಿವಿಯಲ್ಲಿ ಕಾಣಿಸಿಕೊಂಡು, ಮಾರ್ಚ್ ಒಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆಸಿಕೊಳ್ಳುತ್ತಾನೆ ಎಂದರು. ವೈದ್ಯಕೀಯ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗಂತೆ. ಭಕ್ತರು ಗಾಬರಿಯಾಗಿ ಕೊಟ್ಟರು. ಕೊನೆಗೆ ಉಳಿದ 13 ಲಕ್ಷ ಕೊಟ್ಟವನು ಫ್ಲಾರಿಡಾದಲ್ಲಿ ನಾಯಿ ರೇಸ್ ನಡೆಸುವ ಜೂಜುಕಟ್ಟೆಯ ಮಾಲೀಕ. ಜೂಜಿನ ದುಡ್ಡಿಗೆ ದೇವರದ್ದೇನೂ ಆಕ್ಷೇಪ ಇದ್ದ ಹಾಗಿಲ್ಲ. ರಾಬರ್ಟ್ಸ್ ತೀರಿಕೊಂಡದ್ದು 2009ರಲ್ಲಿ.

ಅದೇ ವಿಶ್ವವಿದ್ಯಾಲಯ ಕೆಲ ವರ್ಷಗಳ ಹಿಂದೆ ಹೊಸ ವಿದ್ಯಾರ್ಥಿಗಳ ಕೈಗೆ ಫಿಟ್‌ಬಿಟ್ ಕಟ್ಟಿಸಿ, ದಿನಕ್ಕೆ 10,000 ಹೆಜ್ಜೆ ನಡೆದರೋ ಇಲ್ಲವೋ ಎಂದು ಲೆಕ್ಕ ಇಡಲು ಹೊರಟಿತ್ತು. ಚಿತ್ರಗುಪ್ತನಿಗೂ ಬ್ಲೂಟೂತ್ ಬಂತು.

ಕ್ಯಾಥೊಲಿಕ್ ಪಾದ್ರಿಗಳಾದ ಜೆಸುಯಿಟರು ಇವರ ಹಾಗಲ್ಲ, ವಿದ್ಯಾವಂತರು, ಮಿತಭಾಷಿಗಳು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಅವರದ್ದು. ಅಲ್ಲಿ ಈಗ ಹಿಂದೂ ವಿದ್ಯಾರ್ಥಿಗಳಿಗೆಂದೇ ಒಬ್ಬ ಹಿಂದೂ ಗುರುವನ್ನು ನೇಮಿಸಿದ್ದಾರೆ. ಒಳ್ಳೆಯದೇ. ಇದೇ ಜೆಸುಯಿಟರು 1838ರಲ್ಲಿ ಕಾಲೇಜಿನ ಸಾಲ ತೀರಿಸಲು 272 ಗುಲಾಮರನ್ನು, ಮಕ್ಕಳು ಮರಿ ಸಮೇತ, ಲೂಸಿಯಾನಾದ ತೋಟಗಳಿಗೆ ಮಾರಿದ್ದರು. ಕನಿಷ್ಠ ಅದನ್ನು ಈಗ ಒಪ್ಪಿಕೊಂಡು ಕ್ಷಮೆ ಕೇಳಿದ್ದಾರೆ. ನಮ್ಮಲ್ಲಿ ಯಾವ ಮಠ, ಯಾವ ದೇವಸ್ಥಾನ ತನ್ನ ಹಳೆಯ ಲೆಕ್ಕದ ಪುಸ್ತಕ ತೆರೆದಿದೆ? ಸುಮ್ಮನೆ ಕೇಳಿದೆ.

ಸಸ್ಯಾಹಾರದ ಗಲಾಟೆ ಮಾಡುವವರಿಗೂ ದಾರಿ ಇದೆ. ಮಿಶಿಗನ್ನಿನ ಆಂಡ್ರೂಸ್, ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ, ಎರಡೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ವಿಶ್ವವಿದ್ಯಾಲಯಗಳು. ಕ್ಯಾಂಟೀನು ಪೂರ್ತಿ ವೆಜ್. ಮದ್ಯ ಇಲ್ಲ, ಶನಿವಾರ ಕೆಲಸ ಇಲ್ಲ. ಮಗ ಅಲ್ಲಿ ಸೇರಿದರೆ ಅಜ್ಜಿಗೆ ಹೇಳುವುದಕ್ಕೂ ಸುಲಭ: ಮಡಿ ಕಾಲೇಜು, ಶನಿವಾರ ಒಪ್ಪೊತ್ತು. ಅಜ್ಜಿಗೆ ಖುಷಿ. ಅದೇ ಅಜ್ಜಿ ಶಾಲೆಯ ಬಿಸಿಯೂಟದಲ್ಲಿ ಬಡವರ ಮಕ್ಕಳಿಗೆ ಮೊಟ್ಟೆ ಕೊಟ್ಟಾಗ ಮನೆಯಲ್ಲಿ ಕೂತು ಮೂಗು ಮುಚ್ಚಿಕೊಂಡಿದ್ದರು.

ಹೋಗುವ ಮೊದಲಿನ ಸಂಭ್ರಮ ನೋಡಬೇಕು. ಎಸ್‌ಒಪಿ ಎಂಬ ಉದ್ದೇಶ ಪತ್ರ ಬರೆದುಕೊಡಲು ಕನ್ಸಲ್ಟೆನ್ಸಿಗೆ ದುಡ್ಡು. ಅದರಲ್ಲಿ ಹುಡುಗ ಬಾಲ್ಯದಿಂದ ಅಧ್ಯಾತ್ಮದ ಹುಡುಕಾಟದಲ್ಲಿದ್ದ ಎಂದು ಬರೆದಿರುತ್ತಾರೆ. ಹುಡುಗ ಬಾಲ್ಯದಿಂದ ಪಬ್ಜಿಯಲ್ಲಿದ್ದ. ವೀಸಾಗೆಂದು ಹೈದರಾಬಾದಿನ ಬಳಿಯ ಚಿಲ್ಕೂರು ಬಾಲಾಜಿಗೆ ಹರಕೆ: ಮೊದಲು 11 ಪ್ರದಕ್ಷಿಣೆ, ಕೆಲಸವಾದ ಮೇಲೆ 108. ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಸೇರಿಸು ಎಂದು ವೆಂಕಟೇಶ್ವರನನ್ನು ಬೇಡಿಕೊಳ್ಳುವುದು. ಅವನೂ ಪಾಪ, ಏನೂ ಕೇಳದೆ ಕೊಡುತ್ತಾನೆ.

2025ರ ಜೂನ್‌ನಿಂದ ಇನ್ನೊಂದು ಶಾಸ್ತ್ರ ಸೇರಿದೆ. ವಿದ್ಯಾರ್ಥಿ ವೀಸಾ ಕೇಳುವವರು ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ತೆರೆದಿಡಬೇಕು. ಅಮೆರಿಕದ ಅಧಿಕಾರಿ ಕೂತು ಓದುತ್ತಾನೆ. ಮನೆಯಲ್ಲಿ ಶುದ್ಧಿ ಕಾರ್ಯ ಶುರು. ಮತಾಂತರಿಗಳನ್ನು ಓಡಿಸಿ, ಚರ್ಚಿಗೆ ಬುಲ್ಡೋಜರ್ ನುಗ್ಗಿಸಿ ಎಂದು ಹುಡುಗ ಹಾಕಿದ್ದ ಪೋಸ್ಟುಗಳೆಲ್ಲ ಒಂದು ರಾತ್ರಿಯಲ್ಲಿ ಮಾಯ. ಪ್ರೊಫೈಲ್ ಫೋಟೊದಲ್ಲಿದ್ದ ಕೇಸರಿ ಶಾಲೂ ಮಾಯ. ಈಗ ಅಲ್ಲಿ ಒಂದು ನಾಯಿಮರಿ ಇದೆ.

ಅಪ್ಪನ ವಾಟ್ಸ್‌ಆ್ಯಪ್ ಮಾತ್ರ ಹಾಗೇ ಇದೆ. ಅದನ್ನು ಯಾರೂ ನೋಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಕಾನ್ವೆಂಟ್ ಶಿಕ್ಷಣದಿಂದ ಹಿಂದೂ ಮಕ್ಕಳು ಹೇಗೆ ಹಾಳಾದರು ಎಂಬ ಫಾರ್ವರ್ಡ್. ಏಳಕ್ಕೆ ಮಗನಿಗೆ ವಿಡಿಯೊ ಕಾಲ್. "ಚಾಪೆಲ್ ತಪ್ಪಿಸ್ಬೇಡ ಕಣೋ, ಫೈನ್ ಹಾಕ್ತಾರೆ. ಒಂದ್ ಡಾಲರ್ ಅಂದ್ರೆ ಎಷ್ಟಾಯ್ತು ಗೊತ್ತಾ ಈಗ?"

ಮಿಷನರಿಗಳು ಈ ನಾಡಿಗೆ ಹೊಸಬರಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ ಮಿಷನರಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಮಿಷನರಿ. ಮತಾಂತರ ಮಾಡಲೆಂದೇ ಬಂದರು, ಅದನ್ನು ಬಚ್ಚಿಡಲೂ ಇಲ್ಲ. ಜೊತೆಗೆ ನಮ್ಮ ಭಾಷೆ ಕಲಿತರು, ನಮ್ಮ ಹೆಂಚು ಸುಟ್ಟರು. ಕಿಟೆಲ್‌ಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ. ಅವರನ್ನು ಬೈಯುವ ಲೇಖನ ಬರೆಯುವವರು ಕಾಗುಣಿತಕ್ಕೆ ಅವರ ನಿಘಂಟನ್ನೇ ತೆರೆಯುತ್ತಾರೆ. ಈ ಜಾಣತನಕ್ಕೆ ನೂರು ವರ್ಷದ ಇತಿಹಾಸ ಇದೆ, ಫೇರ್‌ನಲ್ಲಿ ಹುಟ್ಟಿದ್ದಲ್ಲ.

ಆಮಿಷದ ದರವೂ ಈಗ ಏರಿದೆ. ಓದಿದ ಮೇಲೆ ಕೆಲಸ, ಕೆಲಸದ ಮೇಲೆ ಎಚ್-1ಬಿ, ಅದರ ಮೇಲೆ ಗ್ರೀನ್ ಕಾರ್ಡ್ ಎಂಬ ಏಣಿಗೆ 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಒಂದು ಲಕ್ಷ ಡಾಲರಿನ ಬೀಗ ತೋರಿಸಿದರು. ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ವೀಸಾ ಅರ್ಜಿಗೆ ಕಂಪನಿ ಕಟ್ಟಬೇಕೆಂದ ಮೊತ್ತ ಅದು, ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಉತ್ತಮ ಜೀವನಶೈಲಿ ತೋರಿಸಿ ಕರೆಸಿಕೊಂಡವರು ಅದನ್ನು ಕೊಡುವುದಿಲ್ಲ ಎನ್ನುತ್ತಿದ್ದಾರೆ. ನಮ್ಮ ಕಾಯ್ದೆಯಲ್ಲಿ ಇದಕ್ಕೊಂದು ಸೆಕ್ಷನ್ ಇಲ್ಲ.

ಮಗನನ್ನು ಕಳುಹಿಸುವುದಾದರೆ ಕಳುಹಿಸಿ. ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಓದಿದ ಮಾತ್ರಕ್ಕೆ ಅವನೇನೂ ಕ್ರೈಸ್ತನಾಗುವುದಿಲ್ಲ. ನಿಮಗೂ ಅದು ಚೆನ್ನಾಗಿ ಗೊತ್ತು, ಆದ್ದರಿಂದಲೇ ಕಳುಹಿಸುತ್ತಿದ್ದೀರಿ. ಆ ನಿಯಮಾವಳಿಯನ್ನು ಮಾತ್ರ ಅವನಿಗೇ ಪೂರ್ತಿ ಓದಲು ಕೊಡಿ. ಸಹಿ ಮಾಡುವವನು ಅವನು.

ಮತ್ತೆ, ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆ ತನ್ನ ಮಗಳನ್ನು ಹಿಂದಿನ ಬೀದಿಯ ಮಿಷನ್ ಶಾಲೆಗೆ ಸೇರಿಸಿದರೆ ಪೊಲೀಸರಿಗೆ ಫೋನ್ ಮಾಡಬೇಡಿ. ಅವಳೂ ಫೀಸು ನೋಡಿಯೇ ಸೇರಿಸಿರುತ್ತಾಳೆ.